ಅಷ್ಟಭೋಗದಲ್ಲಿ ಒಂದು ಕೊಡ ನೀರು

ಪಕ್ಕದ ಮನೆ ಮಾರಾಟಕ್ಕಿದೆ ಅನ್ನೋದು ನಮಗೆ ಗೊತ್ತಾಗಿದ್ದು ಹೊಸನಗರದ ಉಳಿದೆಲ್ಲರಿಗೂ ಗೊತ್ತಾದ ಮೇಲೆ. ಬೇಲಿಗೆ ಬೇಲಿ ಹತ್ತಿದವರಿಗೆ ಸುದ್ದಿ ಯಾವಾಗಲೂ ಬಸ್ ಸ್ಟ್ಯಾಂಡ್ ಸುತ್ತಿಕೊಂಡೇ ಬರುವುದು. ಮಾರುವವರು, ನಾನು ಹುಟ್ಟಿದಾಗಿನಿಂದ ಮಾವ ಎಂದು ಕರೆಯುವ, ಸಂಬಂಧದಲ್ಲಿ ಏನೇನೂ ಅಲ್ಲದ ಒಬ್ಬ ಖಾಸಗಿ ಬಸ್ಸಿನ ಕಂಡಕ್ಟರು. ಅವರು ಬಸ್ಸು ಬಿಟ್ಟು ಎಷ್ಟೋ ಕಾಲವಾಗಿತ್ತು, ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಮದುವೆಯ ಊಟದ ಸಾಲಿನಲ್ಲೂ ಮುಂದಿನವರ ಬೆನ್ನು ತಟ್ಟಿ, "ಮುಂದೆ ಹೋಗಿ ಮುಂದೆ ಹೋಗಿ, ಒಳಗೆ ಜಾಗ ಇದೆ" ಎನ್ನುವ ಗಿರಾಕಿ. ತೀರ್ಥಹಳ್ಳಿಯಲ್ಲಿ ಹೆಂಡತಿ ಕಡೆಯಿಂದ ಬಂದ ಜಾಗದಲ್ಲಿ ಎರಡಂತಸ್ತು ಎಬ್ಬಿಸಿದ್ದರು. ಕೆಳಗೆ ಮಳಿಗೆ, ಮೇಲೆ ಸಂಸಾರ. ಇನ್ನು ಹೊಸನಗರ ಅವರಿಗೆ ಹಿಂದಿನ ಸ್ಟಾಪು.

ಕೊಳ್ಳುವವರು ಸಾಗರದವರು. ಇಕ್ಕೇರಿ ಕಡೆ ತೋಟವಿರುವ ಗಂಡ ಹೆಂಡತಿ. ನಿಟ್ಟೂರಿನ ಮೇಲೆ ಹಾದು ಕೊಡಚಾದ್ರಿ ಹತ್ತಲು ಹೋಗುವ ಬೆಂಗಳೂರಿನ ಜನಕ್ಕೆ ಮಲಗಲು ಜಾಗ ಬೇಕು, ಮಲಗಿದ್ದಕ್ಕೆ ದುಡ್ಡು ಕೊಡುತ್ತಾರೆ ಎಂದು ಯಾರೋ ಅವರ ಕಿವಿಗೆ ಊದಿದ್ದರು. ಹೀಗಾಗಿ, ನಾನು ಚೆಂಡು ತೆಗೆಯಲು ಹತ್ತಿ ಹೆಂಚು ಒಡೆದಿದ್ದ, ಕಂಡಕ್ಟರ್ ಮಾವ ಪ್ರತಿ ವರ್ಷ "ಈ ದರಿದ್ರ ಮನೆ" ಎಂದು ಬೈಯುತ್ತ ಸುಣ್ಣ ಬಳಿಯುತ್ತಿದ್ದ ಆ ಮನೆ ಬೆಳಗಾಗುವುದರೊಳಗೆ 'ಪಾರಂಪರಿಕ' ಆಗಿಬಿಟ್ಟಿತು. ಸಾಗರದ ಹೆಂಗಸು ಬಚ್ಚಲ ಹಂಡೆಯ ಫೋಟೋವನ್ನೂ ತೆಗೆದುಕೊಂಡರು. ಒಳಗೆ ನೀರು ಕಾಯುತ್ತಿತ್ತು, ಮಾವ ಟವೆಲ್ ಉಟ್ಟು ಕಾಯುತ್ತಿದ್ದರು.

ನನ್ನ ಕೆಲಸವನ್ನೂ ಹೇಳಿಬಿಡುತ್ತೇನೆ, ನಗುವವರು ಈಗಲೇ ನಕ್ಕು ಮುಗಿಸಲಿ. ಸಾಗರದಿಂದ ತೀರ್ಥಹಳ್ಳಿಯವರೆಗೆ ರಿಸೆಪ್ಷನ್ನುಗಳಲ್ಲಿ ಮೈಕು ಹಿಡಿದು ಮಂದಿಯ ದನಿ ಅಣಕಿಸುವುದು. ಮಂತ್ರಿ, ಮೇಷ್ಟ್ರು, ಹರಾಜು ಕೂಗುವವನು, ಮಾತು ಮುಗಿಸಲು ಬಾರದ ಸೋದರಮಾವ, ಯಾರು ಬೇಕಾದರೂ ನನ್ನ ಗಂಟಲಲ್ಲಿ ಸಿಗುತ್ತಾರೆ. ನನ್ನದೇ ದನಿಯಲ್ಲಿ ಮಾತಾಡಿದರೆ ಮಾತ್ರ ಸೌಂಡಿನ ಹುಡುಗ ವಾಲ್ಯೂಮು ಕಮ್ಮಿ ಮಾಡುತ್ತಾನೆ. ಮನೆ ನಡೆಯುವುದು ಈ ಗಂಟಲಿನಿಂದಲ್ಲ. ಅಮ್ಮ ದೋಸೆಹಿಟ್ಟು ರುಬ್ಬಿ ಮಾರುತ್ತಾಳೆ, ಪೇಟೆಯ ಹೋಟೆಲಿನವರೂ ಡಬ್ಬಿ ತಂದು ಒಯ್ಯುತ್ತಾರೆ. ನಲ್ಲಿ ನೀರಿನಲ್ಲಿ ರುಬ್ಬಿದರೆ ಹಿಟ್ಟು ಔಷಧಿ ವಾಸನೆ ಬರುತ್ತದೆ ಎಂದು ಅವಳು ಪಕ್ಕದ ಮನೆಯ ಬಾವಿಯ ನೀರನ್ನಲ್ಲದೆ ಮುಟ್ಟುವುದಿಲ್ಲ.

ಆ ಬಾವಿ ಅವರ ಹಿತ್ತಲಲ್ಲಿದೆ. ನಡುವೆ ಬೇಲಿ, ಬೇಲಿಗೊಂದು ದಣಪೆ. ಅಡ್ಡ ಹಾಕಿದ ಬಿದಿರ ಗಳುವನ್ನು ಸರಿಸಿದರೆ ನಾವು ಬಾವಿಕಟ್ಟೆಯ ಮೇಲೆಯೇ. ನಮ್ಮಜ್ಜ ಮೊದಲು ನಮ್ಮ ಹಿತ್ತಲಲ್ಲೇ ತೋಡಿಸಿದ್ದನಂತೆ, ಆಳೆತ್ತರ ಹೋಗುವುದರೊಳಗೆ ಕರಿಬಂಡೆ ಹಲ್ಲು ಕಿರಿಯಿತು. ಆಮೇಲೆ ಕಂಡಕ್ಟರ್ ಮಾವನ ಅಪ್ಪನೂ ನಮ್ಮಜ್ಜನೂ ಸೇರಿ ಬೇಲಿಯಾಚೆ ತೋಡಿದರು, ನೀರು ಬಂತು. ಬೇಸಿಗೆಯಲ್ಲಿ ಕೆಸರೆತ್ತುವಾಗ ಎರಡೂ ಮನೆಯವರು ಇಳಿಯುವುದು, ಹಗ್ಗ ಹಳತಾದರೆ ಸರದಿಯ ಮೇಲೆ ತರುವುದು. ಇದಕ್ಕೆಲ್ಲ ಕಾಗದ ಯಾರು ಬರೆಸುತ್ತಾರೆ? ಕೇಳಿದ್ದರೆ ಅಜ್ಜ ಕೆಸರಿನ ಬುಟ್ಟಿಯನ್ನೇ ಕೇಳಿದವರ ತಲೆಗೆ ಮಗುಚುತ್ತಿದ್ದ.

ಕ್ರಯಪತ್ರಕ್ಕೆ ಸಾಕ್ಷಿ ಬೇಕು ಎಂದಾಗ ಮಾವ ನನ್ನ ಕಡೆ ಕೈ ತೋರಿಸಿದರು. "ಇವ್ನೇ ಆಗ್ತಾನೆ. ಖಾಲಿ ಇದಾನೆ."

ಪತ್ರ ಬರೆಯುವ ರೈಟ್ರದು ಪೇಟೆಯಲ್ಲಿ ಒಂದು ಕೋಣೆ. ಕೋಣೆಯ ಮುಕ್ಕಾಲು ಭಾಗ ಕಂಪ್ಯೂಟರು, ಉಳಿದ ಕಾಲು ಭಾಗದಲ್ಲಿ ರೈಟ್ರು, ದೇವರ ಪಟ, ಗಿರಾಕಿಗಳು. ಒಂದೇ ಬೆರಳಿನಲ್ಲಿ ಟೈಪು ಮಾಡುವರು, ಉಳಿದ ಒಂಬತ್ತು ಗೌರವಕ್ಕೆ ಕೂತಿರುತ್ತವೆ. ಮಾರನೇ ದಿನ ಕರಡನ್ನು ಆನ್‌ಲೈನಿಗೆ ಏರಿಸಬೇಕು, ಅದಕ್ಕೆ ಮೊದಲು ಎಲ್ಲರಿಗೂ ಓದಿ ಹೇಳುವುದು ತಮ್ಮ ಮನೆತನದ ಪದ್ಧತಿ ಎಂದರು. ಮೂಗಿಗೆ ನಶ್ಯ ಏರಿಸಿದರು. ಶುರುವಾಯಿತು.

"ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೇ..."

ಆಹಾ, ಅದೆಂಥ ದನಿ! ಅರ್ಧ ಪುರೋಹಿತ, ಅರ್ಧ ಹರಾಜಿನವ, ಮೇಲೊಂದು ಚಿಟಿಕೆ ನೆಗಡಿ. ಎಲ್ಲಿಯೂ ಉಸಿರು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಅಲ್ಲಿ ಯಾರಾದರೂ ಪ್ರಶ್ನೆ ಕೇಳಿಬಿಟ್ಟಾರು ಎಂಬ ಹೆದರಿಕೆ ಇರಬೇಕು. ಓದುತ್ತ ಓದುತ್ತ ಒಂದು ಕಡೆ ದನಿ ಏರಿ, ಕಣ್ಣು ಮುಚ್ಚಿ, ಕಾಗದ ನೋಡದೆಯೇ ಹೇಳಿದರು: "ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯಗಳನ್ನು ನೀವೂ ನಿಮ್ಮ ಪುತ್ರಪೌತ್ರ ಪಾರಂಪರ್ಯವಾಗಿ ಆಚಂದ್ರಾರ್ಕವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದೂ..."

ಸಾಗರದವರು ತೀರ್ಥ ತಗೊಳ್ಳುವವರ ಹಾಗೆ ತಲೆ ಬಾಗಿಸಿದರು. ಅವರ ಹೆಂಡತಿ ಫೋನಿನಲ್ಲಿ ಗೋಡೆಗೆ ಬಳಿಯುವ ಕೆಮ್ಮಣ್ಣು ಬಣ್ಣ ನೋಡುತ್ತಿದ್ದರು, ಡಬ್ಬಿಯಲ್ಲಿ ಬರುವ ಕೆಮ್ಮಣ್ಣು. ಕಂಡಕ್ಟರ್ ಮಾವ ತಿರುವಿನಲ್ಲಿ ತೂಗುವ ಪ್ರಯಾಣಿಕರಂತೆ ಎಡಕ್ಕೂ ಬಲಕ್ಕೂ ವಾಲಿ ನಿದ್ದೆ ಹೊಡೆಯುತ್ತಿದ್ದರು. ಆಸ್ತಿ ಕೈ ಬದಲಿಸುವ ಪತ್ರವನ್ನು ಆ ಕೋಣೆಯಲ್ಲಿ ಕಿವಿಗೊಟ್ಟು ಕೇಳಿದವನು ನಾನೊಬ್ಬನೇ. ಅದೂ ಅರ್ಥಕ್ಕಲ್ಲ, ರಾಗಕ್ಕೆ. ಮುಂದಿನ ವಾರದ ರಿಸೆಪ್ಷನ್ನಿಗೆ ಹೊಸ ಐಟಂ ಸಿಕ್ಕಿತು ಎಂದು ಬಾಯೊಳಗೇ ಕಲಿಯುತ್ತ ಕೂತಿದ್ದೆ.

ಮನೆಗೆ ಬಂದವನೇ ಟವೆಲ್ಲನ್ನು ಹೆಗಲಿಗೆ ಹಾಕಿ, ಮೂಗಿಗೆ ಚಿಟಿಕೆ ಗೋಧಿಹಿಟ್ಟು ಏರಿಸಿ, ಅಮ್ಮನ ಗ್ರೈಂಡರಿನ ಎದುರು ಕಣ್ಣು ಮುಚ್ಚಿ ನಿಂತೆ. ಪೂರ್ತಿ ಹೇಳಿದೆ. ನಡುವೆ ಒಂದು ಸೀನೂ ಹಾಕಿದೆ, ಅದು ಗೋಧಿಹಿಟ್ಟಿನದು. ಅಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗ್ರೈಂಡರ್ ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳು."

"ಅಷ್ಟು ಚೆನ್ನಾಗಿತ್ತಾ?"

"ನಿಕ್ಷೇಪ ಆದ್ಮೇಲೆ ಎಂತ ಅಂದೆ?"

"ಜಲ."

"ಜಲ ಅಂದ್ರೆ?"

"ಜಲ ಅಂದ್ರೆ... ಅದೊಂದು ಮಂತ್ರ ಅಮ್ಮ. ಎಲ್ಲಾ ಪತ್ರದಲ್ಲೂ ಇರ್ತದೆ."

"ಮಂತ್ರದಲ್ಲಿ ಜಲ ಅಂದ್ರೆ ಎಣ್ಣೆಯಾ? ನೀರಲ್ವೇನೋ?"

ನನ್ನ ಬಾಯಿ ರೈಟ್ರ ಆಕಾರದಲ್ಲೇ ತೆರೆದುಕೊಂಡಿತ್ತು. ಅದನ್ನು ನನ್ನದಾಗಿಸಿಕೊಂಡು ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರೆ ಬಾವಿ ನೀರು ಪೂರಾ ಅವರಿಗೆ," ಅಂದಳು ಅಮ್ಮ. "ಚಂದ್ರ ಸೂರ್ಯ ಇರೋ ತನಕ. ಅದಕ್ಕೆ ಸಾಕ್ಷಿ ಯಾರು? ನನ್ನ ಮಗ. ನಮಗೆ ಎಂತ ಉಳೀತು ಹೇಳು."

ನನಗೆ ಬಾಯಿ ಸುಮ್ಮನಿರುವುದಿಲ್ಲ. "ಪಾಷಾಣ," ಅಂದೆ. "ಅಜ್ಜ ತೋಡಿದಾಗ ಸಿಕ್ಕ ಬಂಡೆ ನಮ್ಮ ಹಿತ್ತಲಲ್ಲೇ ಇದೆಯಲ್ಲ."

ಹಿಟ್ಟಿನ ಕೈಯಲ್ಲೇ ಬಿತ್ತು. ಬೀಳಬೇಕಾದ್ದೇ.

ಮಾರನೇ ದಿನ ಬೆಳಿಗ್ಗೆ ರೈಟ್ರು ಕಂಪ್ಯೂಟರಿಗೆ ಊದುಬತ್ತಿ ಬೆಳಗುವ ಹೊತ್ತಿಗೆ ಅಮ್ಮ ಹೋಗಿ ಬೆಂಚಿನ ಮೇಲೆ ಕೂತಳು. ಸಾಗರದ ದಂಪತಿಯೂ ಕಂಡಕ್ಟರ್ ಮಾವನೂ ಬಂದರು. ಅಮ್ಮ ಸುತ್ತು ಬಳಸಲಿಲ್ಲ. "ಆ ಜಲ ಅನ್ನೋದು ಹಾಗೇ ಬರೆದ್ರೆ ಆಗಲ್ಲ. ನಾವು ಆ ಬಾವಿ ನೀರು ಸೇದೋರು."

ರೈಟ್ರು ಬೆರಳು ಎತ್ತಿದರು. ಟೈಪು ಮಾಡುವ ಆ ಬೆರಳೇ. "ಏನಮ್ಮಾ, ಜಲ ತೆಗೀಬೇಕಾ? ತೆಗೆದ್ರೆ ಉಳಿಯೋದೆಷ್ಟು? ಏಳು. ಸಪ್ತಭೋಗ ತೇಜಸ್ವಾಮ್ಯ ಅಂತ ಎಲ್ಲಾದ್ರೂ ಕೇಳಿದೀರಾ? ನಮ್ಮಜ್ಜ ಬರೆದಿಲ್ಲ, ನಮ್ಮಪ್ಪ ಬರೆದಿಲ್ಲ, ನಾನು ಬರೆದು ನರಕಕ್ಕೆ ಹೋಗ್ಲಾ?"

"ನಿಕ್ಷೇಪ ಅಂದ್ರೇನು ರೈಟ್ರೇ?" ಅಂದೆ ನಾನು.

"ನಿಧಿಯ ಥರದ್ದೇ."

"ಹಾಗಾದ್ರೆ ನಿಧಿ ಯಾಕೆ ಬೇರೆ?"

"ನೀನು ಸಾಕ್ಷಿ. ಸಾಕ್ಷಿ ಸಹಿ ಹಾಕ್ಬೇಕು, ಬಾಯಿ ಹಾಕ್ಬಾರದು. ನೀನಲ್ಲದಿದ್ರೆ ಹೊರಗೆ ಬಸ್ ಕಾಯೋನು ಯಾರಾದ್ರೂ ಸಿಗ್ತಾನೆ."

ಅದು ನಿಜವೇ. ನಾನು ಪೆನ್ನು ಎತ್ತುವುದಿಲ್ಲ ಎಂದು ಹಟ ಹಿಡಿದರೆ ಹೊಸನಗರದಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ರಾತ್ರಿಯಿಡೀ ನಾನು ಕಟ್ಟಿಕೊಂಡಿದ್ದ ವೀರ ಸಾಕ್ಷಿಯ ಪಾತ್ರ ಅಲ್ಲಿಗೇ ಮುಗಿಯಿತು.

ಸಾಗರದವರು ಹೆಂಡತಿಯ ಕಡೆ ತಿರುಗಿ ಮನೆಮಾತಿನಲ್ಲಿ, "ಬಾವಿ ಇದ್ದು ಹೇಳೇ ಅಲ್ದಾ ತಗಂಡಿದ್ದು? ನೀರಿಲ್ಲೆ ಅಂದ್ರೆ ಎಂತಕ್ಕೆ ಬೇಕು?" ಎಂದರು. ನಮ್ಮ ಕಡೆ ತಿರುಗಿದಾಗ ಮಾತು ಪುಸ್ತಕದ್ದಾಯಿತು. "ನೋಡಿ ಅಮ್ಮ, ನೀವು ಧಾರಾಳವಾಗಿ ನೀರು ತೆಗೆದುಕೊಳ್ಳಿ. ನಮ್ಮ ಅಭ್ಯಂತರವಿಲ್ಲ. ಬರೆಯುವುದೆಲ್ಲ ಯಾಕೆ?"

"ಅಭ್ಯಂತರ ಇಲ್ಲದಿದ್ರೆ ಬರೆಯೋಕೆ ಏನು ಕಷ್ಟ?" ಅಂದಳು ಅಮ್ಮ.

ಆಗ ಕಂಡಕ್ಟರ್ ಮಾವನಿಗೆ ಎಚ್ಚರವಾಯಿತು. ನಿದ್ದೆಯಿಂದಲ್ಲ, ಅವಮಾನದಿಂದ. "ನಾನು ಇವರಿಗೆ ಬಾಯಿಮಾತಲ್ಲಿ ಹೇಳಿದೀನಿ ತಂಗೀ. ನೀರಿಗೆ ಯಾವತ್ತೂ ಬೇಡ ಅನ್ಬಾರ್ದು ಅಂತ. ನನ್ನ ಮಾತಿಗೆ ಬೆಲೆ ಇಲ್ವಾ?"

"ಇದೆ ಅಣ್ಣ. ಆದ್ರೆ ನಿಮ್ಮ ಮಾತು ನಿಮ್ಮ ಜೊತೆ ತೀರ್ಥಹಳ್ಳಿಗೆ ಬರ್ತದೆ. ಬಾವಿ ಬರಲ್ವಲ್ಲ."

ಮಾವನ ಮುಖ ಕೆಂಪಾಯಿತು. ಬಾವಿಗೆ ಇಳಿದು ಕೆಸರೆತ್ತುವಾಗ ಅಮ್ಮ ಮೇಲಿನಿಂದ ಇಳಿಬಿಟ್ಟ ಚಹಾ ಕುಡಿದ ಮನುಷ್ಯ. ಅವರಿಗೆ ಕಾಗದ ಕೇಳುವುದೆಂದರೆ ಜೇಬು ತಡವಿ ನೋಡಿದ ಹಾಗೆ. ಅಮ್ಮನಿಗೂ ಅದು ಗೊತ್ತಿತ್ತು. ಅವಳು ನೆಲ ನೋಡುತ್ತಿದ್ದಳು. ಆದರೆ ಏಳಲಿಲ್ಲ.

ರೈಟ್ರು ನಿಟ್ಟುಸಿರಿಟ್ಟು ಒಂದು ದಾರಿ ತೋರಿಸಿದರು. ಜಲ ಜಲದ ಜಾಗದಲ್ಲೇ ಇರಲಿ, ಎಂಟು ಎಂಟೇ ಆಗಿರಲಿ, ಕೆಳಗೆ ಬೇರೆ ಒಂದು ಸಾಲು ಸೇರಿಸೋಣ. "ನೆರೆಯವರಿಗೆ ನೀರಿನ ಅನುಮತಿ ಇರತಕ್ಕದ್ದು. ಸರಿಯಾ?"

"ಸರಿ," ಅಂದರು ಸಾಗರದವರು, ಬೇಗ. ಆ ಬೇಗವೇ ಅವರನ್ನು ಹಿಡಿದುಕೊಟ್ಟಿತು.

"ಅನುಮತಿ ಬೇಡ," ಅಂದಳು ಅಮ್ಮ. "ಅನುಮತಿ ಅಂದ್ರೆ ದಿನಾ ಬೆಳಿಗ್ಗೆ ಕೊಡ ಹಿಡ್ಕೊಂಡು ಮುಖ ನೋಡ್ಬೇಕು. ಹಕ್ಕು ಅಂತ ಹಾಕಿ."

"ಹಕ್ಕು ಅಂದ್ರೆ ಕೊಳ್ಳುವವರಿಗೆ ಭಾರ ಆಗ್ತದೆ..."

"ಹೋಲ್ಡಾನ್!"

ಕಂಡಕ್ಟರ್ ಮಾವ. ಅಂಗೈಯಿಂದ ಮೇಜು ತಟ್ಟಿದ ಏಟಿಗೆ ನಶ್ಯದ ಡಬ್ಬಿ ಹಾರಿತು. "ಹಕ್ಕು ಅಂತ ಬರೀರಿ. ಬರೆಯೋ ತನಕ ಗಾಡಿ ಮುಂದೆ ಹೋಗಲ್ಲ. ಕೊಳ್ಳೋರು ಬೇಕಾದ್ರೆ ಇಲ್ಲೇ ಇಳೀಬಹುದು." ಅಮ್ಮನ ಕಡೆ ಮಾತ್ರ ತಿರುಗಲಿಲ್ಲ.

ಸಾಗರದವರು ಇಳಿಯಲಿಲ್ಲ. ಅಷ್ಟು ಹೊತ್ತಿಗೆ ಬಚ್ಚಲ ಹಂಡೆಯ ಫೋಟೋವನ್ನು ಎಲ್ಲರಿಗೂ ಕಳಿಸಿಯಾಗಿತ್ತು. ಆದರೆ ಸೋತವನೂ ಒಂದು ಶಬ್ದವನ್ನಾದರೂ ಗೆಲ್ಲಬೇಕಲ್ಲ. "ಹಕ್ಕು ಆಗಲಿ. ಆದರೆ ಸೇದಿಕೊಳ್ಳುವ ಹಕ್ಕು. ಹಗ್ಗ, ಕೊಡ. ಪಂಪುಗಿಂಪು ಕೂಡದು."

ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಒಪ್ಪಿಯಾಗಿತ್ತು. "ನಮ್ಮನೇಲಿ ಪಂಪಿಲ್ಲ," ಅಂದಳು. ನನ್ನ ಕಡೆ ಗಲ್ಲ ಎತ್ತಿ, "ಇವನಿದಾನೆ."

ರೈಟ್ರ ಬೆರಳು ಒಂದೊಂದೇ ಅಕ್ಷರ ಹೆಕ್ಕಿತು: ನೆರೆಯ ಮನೆಯ ವಾಸಿಗಳು ಸದರಿ ಬಾವಿಯಿಂದ ಹಗ್ಗ ಕೊಡಗಳ ಸಹಾಯದಿಂದ ನೀರನ್ನು ಸೇದಿಕೊಳ್ಳುವ ಹಕ್ಕನ್ನು ಆಚಂದ್ರಾರ್ಕವಾಗಿ ಹೊಂದಿರತಕ್ಕದ್ದು. ಅಂದರೆ ಚಂದ್ರ ಸೂರ್ಯರಿರುವವರೆಗೆ ನಾನು ರಾಟೆಗೆ ಜೋತು ಬೀಳತಕ್ಕದ್ದು. ಅದರ ಕೆಳಗೆ ಸಾಕ್ಷಿ ಎಂದು ಸಹಿ ಹಾಕಿದವನೂ ನಾನೇ.

ನೋಂದಣಿಯ ದಿನ ಎಲ್ಲರೂ ಕ್ಯಾಮರಾ ಮುಂದೆ ಕೂತು ಕಳ್ಳರಂತೆ ಕಾಣುವ ಫೋಟೋ ತೆಗೆಸಿಕೊಂಡು, ಹೆಬ್ಬೆಟ್ಟು ಒತ್ತಿ ಹೊರಬಂದೆವು. ಅಮ್ಮ ಮನೆಯಲ್ಲಿ ದೋಸೆ ಹೊಯ್ದು ಕಾಯುತ್ತಿದ್ದಳು. ಕಂಡಕ್ಟರ್ ಮಾವ ನಮ್ಮ ಮನೆಯ ಮುಂದೆಯೇ ಹಾದು, ತಮ್ಮ ಮನೆ ಬೀಗದ ಕೈಯನ್ನು ಸಾಗರದವರಿಗೆ ಕೊಟ್ಟು, ತೀರ್ಥಹಳ್ಳಿ ಬಸ್ಸು ಹತ್ತಿದರು. ಒಳಗೆ ಬರಲಿಲ್ಲ. ಹಂಚಿನ ಮೇಲಿದ್ದ ದೋಸೆ ಕರಕಲಾಗುವ ತನಕ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಆ ಹೊತ್ತಿನಲ್ಲಿ ಯಾರ ದನಿಯನ್ನೂ ಅಣಕಿಸಲಿಲ್ಲ. ನನಗೂ ಅಷ್ಟು ಬುದ್ಧಿ ಇದೆ.

ಮನೆ ಹೋಂಸ್ಟೇ ಆಯಿತು. ಬಾವಿಕಟ್ಟೆಗೆ ರಂಗೋಲಿ ಬಿಡಿಸಿ, ರಾಟೆಗೆ ವಾರ್ನಿಷು ಬಳಿದರು. ಕಾರುಗಳಲ್ಲಿ ಬಂದವರು ನಾನು ನೀರು ಸೇದುವುದನ್ನು ವಿಡಿಯೋ ಮಾಡಿ, "ಇನ್ನೊಂದ್ಸಲ ಪ್ಲೀಸ್, ಸ್ವಲ್ಪ ನಿಧಾನಕ್ಕೆ" ಎನ್ನುತ್ತಿದ್ದರು. ಎಷ್ಟೋ ರಿಸೆಪ್ಷನ್ನುಗಳಲ್ಲಿ ಗಂಟಲು ಹರಿದುಕೊಂಡರೂ ಸಿಗದ ಒನ್ಸ್ ಮೋರ್ ಅದು. ಅಮ್ಮನಿಗೂ ವ್ಯಾಪಾರ ಕೂಡಿಬಂತು. ಕೊಡಚಾದ್ರಿ ಹತ್ತುವವರಿಗೆ ಬೆಳಿಗ್ಗೆ ದೋಸೆಯೇ ಬೇಕು, ಸಾಗರದ ಹೆಂಗಸಿಗೆ ರುಬ್ಬುವುದೆಂದರೆ ಆಗದು, ಹಿಟ್ಟು ನಮ್ಮಿಂದಲೇ ದಣಪೆ ದಾಟಿ ಹೋಗುತ್ತಿತ್ತು.

ಬೇಸಿಗೆ ಬಂತು. ನಾವು ಪಂಪು ಇಡಬಾರದು ಎಂದು ಬರೆಸಿದ್ದ ಮಹಾನುಭಾವರು ತಾವು ಇಡುವುದಿಲ್ಲ ಎಂದೇನೂ ಬರೆಸಿರಲಿಲ್ಲ. ಅತಿಥಿಗಳ ಬಚ್ಚಲಿಗೆ ಮಳೆಯ ಹಾಗೆ ಸುರಿಯುವ ಶವರು ಹಾಕಿಸಿದ್ದರು. ಬಾವಿಗೆ ಮೋಟಾರು ಇಳಿಯಿತು. ಬೆಳಕು ಹರಿಯುವ ಮೊದಲೇ ಗುರ್ರೆನ್ನುತ್ತಿತ್ತು. ನಾನು ಕೊಡ ಇಳಿಬಿಡುವ ಹೊತ್ತಿಗೆ ಕೆಳಗಿನಿಂದ ಬರುವುದು ಕೆಸರು, ಒಂದೆರಡು ಕಪ್ಪೆ. ಕಪ್ಪೆಗೂ ಸಿಟ್ಟು ಬಂದಿತ್ತು.

ನಾನು ಪತ್ರದ ನಕಲು ಹಿಡಿದು ರೈಟ್ರ ಹತ್ತಿರ ಓಡಿದೆ. ಅವರು ಆ ಸಾಲನ್ನು ಎರಡು ಸಲ ಓದಿದರು, ಸ್ವಂತ ಬರಹವನ್ನು ಮೆಚ್ಚಿಕೊಂಡರು. ಆಮೇಲೆ ಹೇಳಿದರು: "ಸೇದುವ ಹಕ್ಕು ಅಂತ ಬರೆದಿದೀವಿ. ಸೇದು. ಯಾರು ಬೇಡ ಅಂದ್ರು? ನೀರು ಇರತಕ್ಕದ್ದು ಅಂತ ಎಲ್ಲಿ ಬರೆದಿದೀವಿ?"

ಮನೆಗೆ ಬಂದು ಅದನ್ನೂ ರೈಟ್ರ ದನಿಯಲ್ಲೇ ಹೇಳಿ ತೋರಿಸಿದೆ. ಅಮ್ಮ ನಗಲಿಲ್ಲ. ನೆನೆಹಾಕಲು ಅಳೆದಿಟ್ಟಿದ್ದ ಅಕ್ಕಿಯನ್ನು ತಿರುಗಿ ಡಬ್ಬಕ್ಕೆ ಸುರಿದಳು, ಉದ್ದನ್ನೂ ಸುರಿದಳು, ಮುಚ್ಚಳ ಹಾಕಿದಳು. ಹೋಟೆಲಿನವರಿಗೂ ಫೋನು ಮಾಡಿ ನಾಳೆ ಇಲ್ಲ ಅಂದಳು. ಸೋಲು ಒಪ್ಪಿಕೊಂಡಳು ಅಂದುಕೊಂಡೆ. ಅಮ್ಮನನ್ನು ಇಷ್ಟು ವರ್ಷ ನೋಡಿಯೂ ಹಾಗೆ ಅಂದುಕೊಂಡವನ ಬುದ್ಧಿಗೆ ಏನನ್ನಬೇಕು.

ಮರುದಿನ ಬೆಳಿಗ್ಗೆ ಪಕ್ಕದ ಅಂಗಳ ತುಂಬ ಕಾರು. ಸಾಗರದ ಹೆಂಗಸು ಖಾಲಿ ಪಾತ್ರೆ ಹಿಡಿದು ದಣಪೆಯ ಹತ್ತಿರ ಬಂದರು. ಗಡಿಬಿಡಿಯಲ್ಲಿ ಪುಸ್ತಕದ ಮಾತು ಮರೆತೇಹೋಗಿತ್ತು. "ಅಕ್ಕಾ, ಇವತ್ತು ಹಿಟ್ಟು ಇಲ್ಲೆನಾ?"

ಅಮ್ಮ ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ನಿಲ್ಲಿಸಿ, ಕತ್ತು ಒಂದಿಷ್ಟು ಓರೆ ಮಾಡಿ, ಆ ಹೆಂಗಸಿನದೇ ಎಳೆತ, ಅದೇ ಇಳಿತದಲ್ಲಿ ಹೇಳಿದಳು:

"ಎಂತ ಮಾಡದು ಮಾರಾಯ್ತಿ. ಅಕ್ಕಿ ಇದ್ದು, ಉದ್ದು ಇದ್ದು, ನೀರೇ ಇಲ್ಲೆ."

ನಾನು ಹಲ್ಲುಜ್ಜುತ್ತಿದ್ದವನು ಪೇಸ್ಟು ನುಂಗಿದೆ. ಒಂದು ಕೂದಲೆಳೆ ಆಚೀಚೆ ಇಲ್ಲ. ಈ ಹೆಂಗಸು ಇಷ್ಟು ದಿನ ಗ್ರೈಂಡರಿನ ಹಿಂದೆ ಕೂತು ನನ್ನ ಮಂಗಾಟಕ್ಕೆ ನಕ್ಕಿದ್ದು ದೊಡ್ಡ ಮನಸ್ಸಿನಿಂದ ಇರಬೇಕು.

ಸಾಗರದ ಹೆಂಗಸಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ನಗು ತಡೆದುಕೊಳ್ಳುವಾಗ ಲೆಕ್ಕ ಹೊಳೆಯಿತು. "ನಾಳೆಗೆ?"

"ನಾಳೆ ದೋಸೆ ಬೇಕಂದ್ರೆ ಇವತ್ತು ರುಬ್ಬಬೇಕು. ಇವತ್ತು ರುಬ್ಬೋಕೆ ಈಗ ನೆನೆಹಾಕ್ಬೇಕು. ಈಗ ನೆನೆಹಾಕೋಕೆ..."

ಅಮ್ಮ ಮುಗಿಸಲಿಲ್ಲ. ಆ ಹೆಂಗಸು ಆಗಲೇ ಮನೆಯ ಕಡೆ ತಿರುಗಿ ಕೂಗುತ್ತಿದ್ದರು. "ಕೇಳ್ತಾ? ಆ ಮೋಟ್ರು ಬಂದ್ ಮಾಡಿ! ಬಂದ್ ಮಾಡಿ ಅಂದ್ರೆ ಬಂದ್ ಮಾಡಿ!" ಒಳಗಿನಿಂದ ಗಂಡನ ದನಿಯಲ್ಲಿ ಏನೋ ವಾದ ಕೇಳಿಸಿತು, ಶವರು, ಅತಿಥಿಗಳು, ದುಡ್ಡು ಕೊಟ್ಟವರು ಎಂದೇನೋ. "ಅವಕ್ಕೆ ಬಾಲ್ದಿ ಕೊಡಿ!" ಎಂದರು ಹೆಂಡತಿ. ಮೋಟಾರು ನಿಂತಿತು.

ಅವತ್ತು ಅತಿಥಿಗಳು ಅವಲಕ್ಕಿ ತಿಂದು ಗುಡ್ಡ ಹತ್ತಿದರು. ಮಾರನೇ ದಿನದಿಂದ ನಮ್ಮ ಕೊಡಗಳು ತುಂಬುವ ತನಕ ಪಕ್ಕದ ಮನೆಯಲ್ಲಿ ಮೋಟಾರಿನ ಸ್ವಿಚ್ಚು ಯಾರೂ ಮುಟ್ಟುವುದಿಲ್ಲ. ಇದು ಯಾವ ಪತ್ರದಲ್ಲೂ ಇಲ್ಲ, ಸಾಕ್ಷಿ ಯಾರೂ ಇಲ್ಲ, ರೈಟ್ರಿಗೆ ಗೊತ್ತಾದರೆ ಬೇಸರ ಮಾಡಿಕೊಳ್ಳುತ್ತಾರೆ. ಒರತೆ ಕೂಡಲು ಬಿಟ್ಟು ನಾನು ಹಗ್ಗ ಇಳಿಬಿಡುತ್ತೇನೆ. ನಮ್ಮದು ತುಂಬಿ ಹಗ್ಗ ಸುತ್ತಬೇಕು ಅನ್ನುವಷ್ಟರಲ್ಲಿ ಸಾಗರದ ಹೆಂಗಸು ತಮ್ಮ ಬಾಲ್ದಿಯನ್ನೂ ಕಟ್ಟೆಯ ಮೇಲೆ ಇಡುತ್ತಾರೆ. "ಹೆಂಗೂ ಹಗ್ಗ ಕೈಯಲ್ಲೇ ಇದ್ದಲ, ತಮಾ."

ಅಮ್ಮನ ಕಡೆ ನೋಡುತ್ತೇನೆ. ಅಮ್ಮ ಅಕ್ಕಿ ತೊಳೆಯುತ್ತ, "ಸೇದಿ ಕೊಡೋ, ಕೈ ಏನು ಬಿದ್ದುಹೋಗ್ತದಾ?" ಅನ್ನುತ್ತಾಳೆ.